ಭಾಜಕ ಹುಡುಕದೆ ಸಿಕ್ಕ ಅವಿಭಾಜ್ಯ

170141183460469231731687303715884105727. ಎರಡರ 127ನೇ ಘಾತದಿಂದ ಒಂದು ಕಳೆದರೆ ಬರುವ ಈ 39 ಅಂಕಿಯ ಸಂಖ್ಯೆ ಅವಿಭಾಜ್ಯವೆಂದು 1876ರಲ್ಲಿ ತೋರಿಸಿದವನು ಫ್ರಾನ್ಸಿನ ಎದುವಾರ್ ಲ್ಯೂಕಾಸ್. ಬರೀ ಕೈಲೆಕ್ಕದಲ್ಲಿ ದಕ್ಕಿದ ಅವಿಭಾಜ್ಯಗಳಲ್ಲಿ ಇದಕ್ಕಿಂತ ದೊಡ್ಡದು ಇವತ್ತಿಗೂ ಇಲ್ಲ.

ಇದು ಅವಿಭಾಜ್ಯವೆಂದು ಮರ್ಸೆನ್ ಎಂಬ ಪಾದ್ರಿ 1644ರಲ್ಲೇ ಒಂದು ಪಟ್ಟಿಯಲ್ಲಿ ಬರೆದಿದ್ದ, ಸಾಧನೆ ಕೊಟ್ಟಿರಲಿಲ್ಲ. ಅದೇ ಪಟ್ಟಿಯಲ್ಲಿದ್ದ 67, 257ನೇ ಘಾತಗಳು ಆಮೇಲೆ ಸುಳ್ಳಾದವು. 1772ರಲ್ಲಿ ಆಯ್ಲರ್ 2147483647 ಅವಿಭಾಜ್ಯವೆಂದು ಸಾಧಿಸಿದ್ದು ಭಾಗಿಸಿ ನೋಡಿಯೇ. ಭಾಜಕಗಳಾಗಬಲ್ಲ ಸಂಖ್ಯೆಗಳನ್ನು ಮೊದಲು ಜಾಣತನದಿಂದ ಸೋಸಿಕೊಂಡಿದ್ದ. ಲ್ಯೂಕಾಸನ ಸಂಖ್ಯೆಗೆ ಆ ದಾರಿ ಸಾಗದು. ಅದರ ವರ್ಗಮೂಲಕ್ಕೇ ಇಪ್ಪತ್ತು ಅಂಕಿ!

ಅವನು ಹಿಡಿದ ದಾರಿಯನ್ನು ನಾನು ತರಗತಿಯಲ್ಲಿ 127ರ ಮೇಲೆ ಮಾಡಿಸುತ್ತಿದ್ದೆ. ಮೂರರಿಂದ ಶುರು. ವರ್ಗ ಮಾಡಿ ಎರಡು ಕಳೆದರೆ 7. ಮತ್ತೆ ಹಾಗೇ ಮಾಡಿದರೆ 47. ಆಮೇಲೆ 2207, 127ರಿಂದ ಭಾಗಿಸಿದರೆ ಶೇಷ 48. ಮುಂದೆ 2302, ಶೇಷ 16. ಹದಿನಾರರ ವರ್ಗದಲ್ಲಿ ಎರಡು ಹೋದರೆ 254, ಶೇಷ ಸೊನ್ನೆ. 127 ಎಂದರೆ ಎರಡರ ಏಳನೇ ಘಾತಕ್ಕೆ ಒಂದು ಕಡಿಮೆ. ಏಳಕ್ಕೆ ಎರಡು ಕಡಿಮೆ, ಅಂದರೆ ಐದನೇ ಸಲಕ್ಕೆ ಸರಿಯಾಗಿ ಸೊನ್ನೆ ಬಂತು. ಹಾಗಾಗಿ ಅವಿಭಾಜ್ಯ. ಒಂದೇ ಒಂದು ಭಾಜಕವನ್ನೂ ಹುಡುಕಲಿಲ್ಲ. ಆ ಸೊನ್ನೆ ಬಿದ್ದಾಗ ಹಿಂದಿನ ಬೆಂಚಿನ ಮಕ್ಕಳೂ ಎದ್ದು ನಿಲ್ಲುತ್ತಿದ್ದರು. ದೊಡ್ಡ ಸಂಖ್ಯೆಗೆ ಇದೇ ಕೆಲಸ 125 ಸಲ. ಇದಕ್ಕಾಗಿ ಲ್ಯೂಕಾಸ್ ಚದುರಂಗದಂಥ ಮಣೆಯ ಮೇಲೆ ಕಾಯಿಗಳನ್ನಿಟ್ಟು, ಎರಡರ ಘಾತಗಳಲ್ಲಿ ಗುಣಿಸುವ ಕ್ರಮವನ್ನು ವಿವರಿಸಿದ್ದಾನೆ. ಎರಡರ 127ನೇ ಘಾತದ ಶೇಷ ಒಂದೇ ಆದ್ದರಿಂದ, ಮಣೆಯ ಅಂಚು ದಾಟಿದ ಕಾಯಿ ಮತ್ತೆ ಮೊದಲ ಮನೆಗೆ ಬಂದು ಕೂರುತ್ತದೆ.

3, 7, 47, 2207 ಎಲ್ಲಿಂದ ಬಂದವು? 1, 3ರಿಂದ ಹೊರಟು ಹಿಂದಿನ ಎರಡನ್ನು ಕೂಡುತ್ತಾ ಹೋದರೆ 4, 7, 11, 18, 29, 47 ಬರುತ್ತವೆ. ಅವು ಈ ಸಾಲಿನ 2, 4, 8, 16ನೇ ಸ್ಥಾನದವು. ಕೂಡುವ ಈ ನಿಯಮ ನಮ್ಮ ಛಂದಸ್ಸಿಗೆ ಹಳೆಯದು. ಲಘು ಗುರುಗಳಿಂದ ಮೂರು ಮಾತ್ರೆಯ ಗಣ ಮೂರು ಬಗೆ, ನಾಲ್ಕರದು ಐದು, ಐದರದು ಎಂಟು. ಹೇಮಚಂದ್ರ ಇದನ್ನು 12ನೇ ಶತಮಾನದಲ್ಲಿ, ಫಿಬೊನಾಚಿಗಿಂತ ಮೊದಲೇ ಹೇಳಿದ್ದ. ಆ ಶ್ರೇಣಿಗೆ ಫಿಬೊನಾಚಿಯ ಹೆಸರಿಟ್ಟವನು ಲ್ಯೂಕಾಸನೇ. ಮಾತ್ರೆ ಎಣಿಸುವಾಗ ಹುಟ್ಟಿದ ನಿಯಮ ಇಷ್ಟು ದೊಡ್ಡ ಅವಿಭಾಜ್ಯವನ್ನು ಹಿಡಿಯಲು ಒದಗಿದ್ದು ನನ್ನ ಮಟ್ಟಿಗೆ ಗಣಿತದ ಅತ್ಯಂತ ಸುಂದರ ಸಂಗತಿಗಳಲ್ಲೊಂದು.

ಲ್ಯೂಕಾಸನ ದಾಖಲೆ 75 ವರ್ಷ ನಿಂತಿತು. 1951ರಲ್ಲಿ ಫೆರಿಯೆ ಮೇಜಿನ ಲೆಕ್ಕಯಂತ್ರದಿಂದ 44 ಅಂಕಿ ಮುಟ್ಟಿದ. ಮೂರರಿಂದ ಹೊರಡುವ ಪರೀಕ್ಷೆ, ನಾಲ್ಕರಿಂದ ಭಾಗಿಸಿದಾಗ ಮೂರು ಉಳಿಯುವ ಘಾತಗಳಿಗೆ ಮಾತ್ರ ನಡೆಯುತ್ತಿತ್ತು. ಲೆಹ್ಮರ್ ಅದನ್ನು ನಾಲ್ಕರಿಂದ ಹೊರಡಿಸಿ ಎಲ್ಲ ಬೆಸ ಅವಿಭಾಜ್ಯ ಘಾತಗಳಿಗೂ ಒಗ್ಗಿಸಿದ್ದ. 1952ರ ಜನವರಿ 30ರಂದು ಲಾಸ್ ಏಂಜಲೀಸ್‌ನ ಸ್ವ್ಯಾಕ್ ಕಂಪ್ಯೂಟರು, ರಾಫೆಲ್ ರಾಬಿನ್ಸನ್ ಬರೆದ ಪ್ರೋಗ್ರಾಮಿನಂತೆ, 521ನೇ ಘಾತದ ಮೇಲೆ ಅದೇ ಲೆಕ್ಕ ಓಡಿಸಿತು. ಶೇಷ ಸೊನ್ನೆ ಬಂತು, 157 ಅಂಕಿಯ ಅವಿಭಾಜ್ಯ ಸಿಕ್ಕಿತು.