ಸೋಗೆಯಿಂದ ಹಂಚಿಗೆ: ನಮ್ಮ ಮಾಡಿನ ಕಥೆ

ಮೇ ತಿಂಗಳ ಕೊನೆಯ ವಾರದಲ್ಲಿ ಸಂಘದ ಕಟ್ಟೆಯ ಮೇಲೆ ಇಬ್ಬರು ಸದಸ್ಯರು ಎದುರಾದರೆ ಸಾಲದ ಮಾತು, ಅಡಿಕೆ ದರದ ಮಾತು ಎಲ್ಲ ಆಮೇಲೆ. ಮೊದಲು ಕೇಳುವುದು, "ಮಾಡು ಹೊಚ್ಚಿ ಆಯ್ತನಾ?" ಎಂದು. ಆಯ್ತು ಎಂದವನ ಮುಖದಲ್ಲಿ ಒಂದು ನೆಮ್ಮದಿ. ಆಗಿಲ್ಲ ಎಂದವನು ಪಡುವಣ ಆಕಾಶ ನೋಡುತ್ತಲೇ ಮಾತಾಡುತ್ತಾನೆ. ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಂಘದ ಇತಿಹಾಸವನ್ನು ಬರೆಯುವ ಹಿರಿಯರು ಬೇರೆ ಇದ್ದಾರೆ. ನಾವು ಬರೆಯ ಹೊರಟಿರುವುದು ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ನಮ್ಮೆಲ್ಲರ ತಲೆಯ ಮೇಲಿರುವ ಮಾಡಿನ ಇತಿಹಾಸವನ್ನು.

ನಮ್ಮದು ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಬರೀ ನೆಟ್ಟಗೆ ಬೀಳುವ ಮಳೆಯಾಗಿದ್ದರೆ ಹೇಗೋ ನಡೆಯುತ್ತಿತ್ತು. ಕಡಲ ಕಡೆಯಿಂದ ಗಾಳಿ ಅದನ್ನು ಅಡ್ಡಡ್ಡ ಹೊಡೆದು ತರುತ್ತದೆ. ಹಾಗಾಗಿ ನಮ್ಮ ಹಿರಿಯರ ಮನೆಗಳಲ್ಲಿ ಗೋಡೆ ಕುಳ್ಳು, ಮಾಡು ದೊಡ್ಡದು, ಇಳಿಜಾರು ಕಡಿದು. ಜಗುಲಿಗೆ ಹೋಗುವಾಗ ತಲೆ ಬಗ್ಗಿಸಲೇಬೇಕು. ಪೇಟೆಯಿಂದ ಬಂದ ನೆಂಟರು ಹಣೆ ಬಡಿಸಿಕೊಂಡು ಬೈದುಕೊಳ್ಳುವುದುಂಟು. ಆದರೆ ಆ ತಗ್ಗಿದ ಸೂರೇ ಮಣ್ಣಿನ ಗೋಡೆಯನ್ನು ಕಾಯುತ್ತಿದ್ದದ್ದು.

ಇದೇ ಬುದ್ಧಿಯನ್ನು ಕಲ್ಲಿನಲ್ಲಿ ನೋಡಬೇಕೆಂದರೆ ಭಟ್ಕಳಕ್ಕೆ ಹೋಗಬೇಕು. ಅಲ್ಲಿಯ 16ನೇ ಶತಮಾನದ ಕೇತಪೈ ನಾರಾಯಣ ದೇವಸ್ಥಾನವನ್ನೂ ಜಟ್ಟಪ್ಪ ನಾಯಕನ ಬಸದಿಯನ್ನೂ ಶಿಲ್ಪ ನೋಡಲು ಹೋಗುವವರು ಬಹಳ. ನಾವು ಹೋದಾಗ ನೋಡಿದ್ದು ಮಾಡನ್ನು! ಮರದ ಮನೆಗೆ ಹೊಚ್ಚಿದಂತೆಯೇ ಕಲ್ಲು ಚಪ್ಪಡಿಗಳನ್ನು ಇಳಿಜಾರಾಗಿ ಹೊಚ್ಚಿದ್ದಾರೆ. ಘಟ್ಟದ ಮೇಲಿನ ಗುಡಿಗಳಂತೆ ಇಲ್ಲಿ ಬರೀ ಚಪ್ಪಟೆ ತಾರಸಿ ನಡೆಯುವುದಿಲ್ಲ ಎಂಬುದು ಅಂದಿನ ಕಲ್ಲುಕುಟಿಗನಿಗೂ ಗೊತ್ತಿತ್ತು.

ದೇವರ ಮನೆಗೆ ಕಲ್ಲು ಬಂದರೂ ಮನುಷ್ಯರ ಮನೆಗೆ ಬಹುಕಾಲ ಸೋಗೆ, ಮಡಲು, ಹುಲ್ಲುಗಳೇ ಗತಿ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬೈ ಇಲಾಖೆಗೆ ಸೇರಿತು. 1883ರಲ್ಲಿ ಆ ಸರಕಾರ ಕೆನರಾ ಜಿಲ್ಲೆಯ ಗೆಜೆಟಿಯರ್ ಅಚ್ಚು ಹಾಕಿಸಿತು. ಅದರಲ್ಲಿ ಒಂದೊಂದು ಜನವರ್ಗದ ಬಗ್ಗೆ ಬರೆಯುವಾಗಲೂ ಅವರ ಮನೆಯ ಗೋಡೆ ಎಂಥದು, ಮಾಡು ಎಂಥದು ಎಂದು ತಪ್ಪದೆ ಬರೆದಿದ್ದಾರೆ. ಆಗಿನಿಂದಲೂ ಒಬ್ಬನ ಸ್ಥಿತಿಗತಿ ಅಳೆಯಲು ಮಾಡೇ ಅಳತೆಗೋಲು.

ಅಡಿಕೆ ತೋಟದ ಬದಿಯವರಿಗೆ ಸೋಗೆ, ಕಡಲ ದಂಡೆಯವರಿಗೆ ತೆಂಗಿನ ಮಡಲು, ಬೇಣ ಇದ್ದವರಿಗೆ ಕರಡದ ಹುಲ್ಲು. ಹೀಗೆ ಹತ್ತಿರ ಸಿಕ್ಕಿದ್ದೇ ಹೊದಿಕೆ. ಮಡಲನ್ನು ಸೀಳಿ ಹೊಳೆಯ ಉಪ್ಪುನೀರಿನಲ್ಲಿ ನೆನೆಹಾಕಿ ಆಮೇಲೆ ಹೆಣೆಯುತ್ತಿದ್ದರು. ಉಪ್ಪುನೀರು ಕುಡಿದ ಮಡಲಿಗೆ ಹುಳ ಬೇಗ ಹಿಡಿಯುವುದಿಲ್ಲ. ಹೆಣೆಯುವ ಕೆಲಸ ಹೆಚ್ಚಾಗಿ ಹೆಂಗಸರದ್ದು, ಹೊಚ್ಚುವ ಕೆಲಸ ಗಂಡಸರದ್ದು. ಬಿದಿರ ಗಳ, ಅಡಿಕೆ ದಬ್ಬೆ, ಕತ್ತದ ಹಗ್ಗ ಇಷ್ಟಿದ್ದರೆ ಮೊಳೆಯ ಹಂಗಿಲ್ಲ. ಕೆಳಗಿನ ಸೂರಿನಿಂದ ಶುರುಮಾಡಿ ಒಂದರ ಮೇಲೊಂದು ಪದರ ಹಾಕುತ್ತ ನೆತ್ತಿಗೆ ಹೋಗಿ ಮುಗಿಸುವುದು. ನೆತ್ತಿ ಕಟ್ಟುವುದು ಮಾತ್ರ ಕಸುಬು ಗೊತ್ತಿದ್ದವನೇ. ಅಲ್ಲಿ ತಪ್ಪಿದರೆ ನಾಲ್ಕು ತಿಂಗಳು ತಪ್ಪಿದಂತೆ.

ಈ ಕೆಲಸಕ್ಕೆ ಕೂಲಿ ಇರಲಿಲ್ಲ. ಇವತ್ತು ಇವರ ಮನೆ, ನಾಳೆ ಅವರ ಮನೆ. ಮುಯ್ಯಾಳು ಎಂದು ಹೆಸರು. ಉಣ್ಣಲಿಕ್ಕೆ ಗಂಜಿ, ಒಣಮೀನು ಅಥವಾ ಉಪ್ಪಿನಕಾಯಿ, ಅವರವರ ಮನೆಯ ರೀತಿಯಂತೆ. ಸಹಕಾರಿ ಕಾಯದೆ ಬಂದದ್ದು 1904ರಲ್ಲಿ. ಅದರ ಮರುವರ್ಷ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಂಘ ಹುಟ್ಟಿತು ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಅದಕ್ಕೂ ಮೊದಲೇ ನಮ್ಮ ಕೇರಿಗಳಲ್ಲಿ ಠೇವಣಿ, ರಸೀದಿ ಇಲ್ಲದ ಒಂದು ಸಂಘ ಮಾಡಿನ ಮೇಲೆ ನಡೆಯುತ್ತಿತ್ತು.

ಆದರೆ ಸೋಗೆಮನೆಯನ್ನು ಈಗ ಕೆಲವರು ಚಂದದ ಮಾತಿನಲ್ಲಿ ಹೊಗಳುವುದನ್ನು ಕೇಳಿದಾಗ ನಮಗೆ ನಗು ಬರುತ್ತದೆ. ತಂಪು ಹೌದು. ಅದರೊಳಗೆ ಆರ್ದ್ರಾ ಮಳೆ ಕಳೆದವರಿಗೆ ಉಳಿದದ್ದೂ ಗೊತ್ತು. ನಾವು ಚಿಕ್ಕವರಿದ್ದಾಗ ಒಂದು ರಾತ್ರಿ ಪಡುವಣ ಗಾಳಿಗೆ ಅಡಿಗೆಮನೆಯ ಬದಿಯ ಸೋಗೆ ಪೂರ್ತಿ ಎದ್ದುಹೋಯಿತು. ಅಪ್ಪ ಒಂದು ಗಳ ಹಿಡಿದು ನಿಂತರು, ಅಣ್ಣ ಕಂಬಳಿಕೊಪ್ಪೆ ಹಾಕಿಕೊಂಡು ಏಣಿ ಹತ್ತಿದ. ಅಜ್ಜಿ ಮಾತ್ರ ಭತ್ತದ ಮೂಡೆಗಳ ಮೇಲೆ ಚಾಪೆ ಹೊಚ್ಚಿ ಅದರ ಮೇಲೆಯೇ ಕುಳಿತುಬಿಟ್ಟರು. ಬೆಳಿಗ್ಗೆ ಮಳೆ ಬಿಟ್ಟಾಗ ಅವರು ಹೇಳಿದ್ದು, "ಹೊರಗೆ ಹೊಳವಾಯ್ತು, ನಮ್ಮನೆ ಒಳಗೆ ಮಾತ್ರ ಹೊಳವಿಲ್ಲ." ಬೇಸಿಗೆಯಲ್ಲಿ ಬೆಂಕಿಯ ಹೆದರಿಕೆ, ಮಳೆಗಾಲದಲ್ಲಿ ಹಾವು, ಚೇಳು. ಒಂದು ಕಿಡಿ ಹಾರಿದರೆ ಕೇರಿಯೇ ಹೋಗುವ ಭಯವಿತ್ತು.

ಇನ್ನು ಹಂಚಿನ ಸಂಗತಿ. ಕುಂಬಾರರು ಮಾಡುವ ಅರ್ಧ ದುಂಡಗಿನ ನಾಡಹಂಚು ಮೊದಲಿನಿಂದಲೂ ಇತ್ತು. ಕವುಚಿ ಒಂದು, ಅಂಗಾತ ಒಂದು ಇಟ್ಟು ಹೊಚ್ಚುವುದು. ಅದು ಭಾರ, ಬೆಕ್ಕು ಓಡಿದರೂ ಜರುಗುತ್ತದೆ. ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹಂಚನ್ನು ಕಂಡುಹಿಡಿದವರು ಫ್ರಾನ್ಸಿನ ಗಿಲಾರ್ಡೋನಿ ಸಹೋದರರು, 1841ರ ಹೊತ್ತಿಗೆ. ಆ ವಿದ್ಯೆ ನಮ್ಮ ಕರಾವಳಿಗೆ ಬಂದದ್ದು ಬಾಸೆಲ್ ಮಿಶನ್ನಿನಿಂದ. ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಹೊಳೆದಂಡೆಯ ಜೇಡಿಮಣ್ಣು, ಘಟ್ಟದ ಸೌದೆ, ಸಾಗಿಸಲು ಸಮುದ್ರ, ಮೂರೂ ಅಲ್ಲಿ ಕೂಡಿಬಂದಿದ್ದವು. ಮುಂದೆ ಊರವರೇ ಹಲವು ಕಾರ್ಖಾನೆ ತೆರೆದರು. ಮಂಗಳೂರು ಹಂಚು ಮಚವೆಗಳಲ್ಲಿ ತುಂಬಿಕೊಂಡು ಉತ್ತರದ ಬಂದರುಗಳಿಗೆಲ್ಲ ಹೋಯಿತು.

ಹಾಗಾದರೆ ನೂರು ವರ್ಷ ಕಳೆದರೂ ನಮ್ಮಲ್ಲಿ ಬಹಳ ಮನೆಗಳಿಗೆ ಅದು ಯಾಕೆ ಬರಲಿಲ್ಲ? ದುಡ್ಡಿರಲಿಲ್ಲ ಎಂಬುದು ಅರ್ಧ ಉತ್ತರ. ಮನೆ ನಿಂತ ಜಾಗವೇ ತನ್ನದಲ್ಲದಿದ್ದಾಗ ಗೇಣಿದಾರ ಯಾವ ಧೈರ್ಯದಿಂದ ಹಂಚು ಹೊಚ್ಚಬೇಕು? ನಾಳೆ ಏಳು ಎಂದರೆ ಏಳಬೇಕು. ಸೋಗೆಯಾದರೆ ಬಿಟ್ಟು ಹೋಗಬಹುದು, ಹಂಚು, ಪಕಾಸಿ, ರೀಪು ಬಿಟ್ಟುಹೋಗಲು ಹೊಟ್ಟೆ ಉರಿಯುತ್ತದೆ. ದಿನಕರ ದೇಸಾಯಿಯವರು ಮುಂದಾಳಾಗಿದ್ದ ರೈತ ಚಳವಳಿ, ಮುಂದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ, ಇವು ಗದ್ದೆಯ ಕಥೆಯಷ್ಟೇ ಮಾಡಿನ ಕಥೆಯೂ ಹೌದು. ಫಾರಂ ನಂಬರ 7 ತುಂಬಿ ಡಿಕ್ಲರೇಶನ್ ಕೊಟ್ಟು, ಪಹಣಿಯಲ್ಲಿ ಹೆಸರು ಬಂದ ಮೇಲೆ ಜನ ಮೊದಲು ಮಾಡಿದ ಕೆಲಸಗಳಲ್ಲಿ ಹಂಚು ಹೊಚ್ಚಿದ್ದೂ ಒಂದು. ನಮ್ಮ ಹಿಂದಿನ ತಲೆಮಾರಿನಲ್ಲಿ ಬೆಳೆಸಾಲ ತೆಗೆದು ಅದನ್ನು ಮಾಡಿಗೆ ಹಾಕಿದವರೂ ಇದ್ದರು. ನಿಯಮಕ್ಕೆ ಅದು ತಪ್ಪೇ. ಆದರೆ ಒದ್ದೆಯಾಗದ ಭತ್ತವೂ ಬೆಳೆಯ ರಕ್ಷಣೆಯೇ ಅಲ್ಲವೇ ಎಂದು ಒಬ್ಬರು ಕೇಳಿದಾಗ ಎದುರಿಗಿದ್ದವರಿಗೆ ಉತ್ತರ ಹೊಳೆಯಲಿಲ್ಲವಂತೆ. ಜನತಾ ಮನೆ, ಆಮೇಲೆ ಆಶ್ರಯ ಯೋಜನೆ ಬಂದು ಉಳಿದವರ ತಲೆಯ ಮೇಲೂ ಹಂಚು ಬಂತು.

ಹಂಚು ಒಮ್ಮೆ ಹೊಚ್ಚಿದರೆ ಮುಗಿಯಿತು ಎಂದುಕೊಂಡವರು ಮೋಸಹೋದರು. ಹಂಚಿನ ಮಾಡಿಗೆ ವರ್ಷಕ್ಕೊಮ್ಮೆ ಕೈ ಆಡಿಸಲೇಬೇಕು. ಮಟಮಟ ಮಧ್ಯಾಹ್ನ ಒಳಗೆ ನಿಂತು ಮೇಲೆ ನೋಡಿದರೆ ಎಲ್ಲಿ ಬಿಸಿಲಿನ ಕೋಲು ಇಳಿಯುತ್ತದೋ ಅಲ್ಲಿ ಮಳೆಯೂ ಇಳಿಯುತ್ತದೆ. ಅಲ್ಲಿಗೆ ಸುಣ್ಣದ ಗುರುತು ಹಾಕಿಕೊಳ್ಳಬೇಕು. ಒಡೆದ ಹಂಚು ತೆಗೆದಾಗಲೇ ಅದರ ಕೆಳಗಿನ ರೀಪನ್ನೂ ಬೆರಳಿನಿಂದ ಒತ್ತಿ ನೋಡಬೇಕು. ಒರಲೆ ತಿಂದ ರೀಪಿನ ಮೇಲೆ ಹೊಸ ಹಂಚಿಟ್ಟು ಫಲವಿಲ್ಲ. ಎರಡು ಮಾಡು ಕೂಡುವ ಒಳಮೂಲೆಯಲ್ಲಿ ಕಸ ಕಟ್ಟಿದರೆ ನೀರು ಹಿಂದೆ ಸರಿದು ಹಂಚಿನ ಅಡಿಗೆ ನುಗ್ಗುತ್ತದೆ. ಸೋರುವ ಮನೆಗಳಲ್ಲಿ ಬಹಳಷ್ಟು ಸೋರುವುದು ಅಲ್ಲಿಯೇ. ನೆತ್ತಿಯ ಮೂಲೆಹಂಚಿಗೆ ಮೊದಲೆಲ್ಲ ಅಘನಾಶಿನಿ ಹೊಳೆಯ ಚಿಪ್ಪು ಸುಟ್ಟ ಸುಣ್ಣದ ಗಾರೆ, ಈಗ ಸಿಮೆಂಟು.

ಗಾಳಿ ಮಾಡನ್ನು ಮೇಲಿನಿಂದ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ. ಈ ಎಳೆತ ಸೂರಿನ ಅಂಚು, ಮೂಲೆ, ನೆತ್ತಿಗಳಲ್ಲಿ ಜಾಸ್ತಿ. ಹಂಚಿನ ಮಾಡಿನಲ್ಲಿ ಸಂದುಗಳಿಂದ ಗಾಳಿ ಹೊರಗೆ ಹೋಗುತ್ತದೆ, ಹೋದರೆ ಅಂಚಿನ ನಾಲ್ಕು ಹಂಚು ಹೋಗುತ್ತವೆ. ತಗಡಿನ ಶೀಟಿನದು ಹಾಗಲ್ಲ, ಬೋಲ್ಟು ಸಡಿಲಿದರೆ ಇಡೀ ಶೀಟು ಎದ್ದು ಪಕ್ಕದವರ ಅಂಗಳಕ್ಕೆ ಬೀಳುತ್ತದೆ. ಆದ್ದರಿಂದ ಹಂಚಿನವರು ಅಂಚಿನ ಎರಡು ಸಾಲಿಗೆ ತಂತಿ ಬಿಗಿಯುವುದು, ಶೀಟಿನವರು ಬೋಲ್ಟು, ವಾಶರು ನೋಡುವುದು ಬಿಡಬಾರದು. ಮನೆಯ ಮೇಲೆ ಬಾಗಿದ ತೆಂಗು, ಹಲಸಿನ ಕೊಂಬೆಯ ವಿಷಯದಲ್ಲಿ ದಾಕ್ಷಿಣ್ಯ ಮಾಡಿದವರು ಪಶ್ಚಾತ್ತಾಪ ಪಟ್ಟಿದ್ದಾರೆ.

ಇನ್ನೊಂದು ಸಂಗತಿ ನಮಗೇ ತಡವಾಗಿ ತಿಳಿಯಿತು. ಮೊದಲು ಅಡಿಗೆಮನೆಯ ಸೌದೆ ಒಲೆಯ ಹೊಗೆ ದಿನಾ ಮಾಡಿಗೆ ತಾಗಿ ಬಿದಿರು, ಪಕಾಸಿಗಳೆಲ್ಲ ಕರಿಹಿಡಿದು ಗಟ್ಟಿಯಾಗಿ ಒಣಗಿರುತ್ತಿದ್ದವು. ಗ್ಯಾಸು ಬಂತು, ಹೆಂಗಸರ ಕಣ್ಣು, ಎದೆ ಉಳಿಯಿತು. ಅದು ದೊಡ್ಡ ಉಪಕಾರ. ಆದರೆ ಹೊಗೆ ಹೋದ ಮೇಲೆ ಮರಕ್ಕೆ ಹುಳ ಹಿಡಿಯುವುದು ಜಾಸ್ತಿಯಾಗಿದೆ. ಎಣ್ಣೆ ಬಳಿಯುವ ಖರ್ಚು ಈಗ ಬೇರೆ. ಮಂಗಗಳ ಕಾಟವನ್ನಂತೂ ಬರೆಯುವುದೇ ಬೇಡ. ಅವು ಒಮ್ಮೆ ಮನೆ ಹಾರಿ ಹೋದರೆ ಹತ್ತು ಹಂಚಿನ ಲೆಕ್ಕ. ಬೇಸತ್ತು ಹಂಚಿನ ಮೇಲೆಯೇ ಶೀಟು ಹೊಚ್ಚಿದವರನ್ನು ನಾವು ದೂರುವುದಿಲ್ಲ. ಹಂಚು ಹೊಚ್ಚುವ ಆಳೂ ಈಗ ಸಿಗುವುದು ಕಷ್ಟ. ಪಾಚಿ ಹಿಡಿದ ಮಾಡಿನ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡ ಒಬ್ಬರು ನಮ್ಮ ಕೇರಿಯಲ್ಲಿದ್ದಾರೆ. ಅವರ ಮಕ್ಕಳು ಯಾರೂ ಏಣಿ ಮುಟ್ಟಲಿಲ್ಲ.

ಇಷ್ಟು ದಿನ ಪಂಚಾಂಗವಾದರೂ ಕೈ ಹಿಡಿಯುತ್ತಿತ್ತು. ರೋಹಿಣಿಯಲ್ಲಿ ಕೈ ಆಡಿಸಿ, ಮೃಗಶಿರ ಹಿಡಿಯುವ ಮೊದಲು ಏಣಿ ಇಳಿಸಿದರೆ ಸರಿ. ಸಂಘದ ಈ 25 ವರ್ಷಗಳಲ್ಲಿ ಆ ಲೆಕ್ಕ ತಪ್ಪಿದೆ. 2009ರ ನವೆಂಬರದಲ್ಲಿ ಫಯಾನ್, 2019ರ ಅಕ್ಟೋಬರದಲ್ಲಿ ಕ್ಯಾರ್, ಎರಡೂ ಮಳೆಗಾಲ ಮುಗಿಯಿತು ಎಂದು ತಟ್ಟಿ ಬಿಚ್ಚಿಟ್ಟ ಮೇಲೆ ಬಂದವು. ಅರಬ್ಬೀ ಸಮುದ್ರದ ನೀರು ಬಿಸಿಯೇರುತ್ತಿರುವುದೇ ಚಂಡಮಾರುತಗಳು ಹೆಚ್ಚಲು ಕಾರಣವೆಂದು ಹವಾಮಾನ ಬಲ್ಲವರು ಹೇಳುತ್ತಾರೆ. 2025ರಲ್ಲಂತೂ ಜೂನ್ 1ಕ್ಕೆ ಕೇರಳ ಮುಟ್ಟಬೇಕಾದ ಮಳೆಗಾಲ ಮೇ 24ಕ್ಕೇ ಮುಟ್ಟಿತು. ನಮ್ಮಲ್ಲಿ ಅರ್ಧ ಹಂಚು ಕೆಳಗಿಳಿಸಿದವರ ಪಾಡು ಕೇಳುವಂತಿರಲಿಲ್ಲ. ಮಾಡೊಂದೇ ಗಟ್ಟಿಯಾದರೆ ಸಾಲದು ಎಂಬುದನ್ನು 2022ರ ಆಗಸ್ಟ್ ತೋರಿಸಿತು. ಭಟ್ಕಳದಲ್ಲಿ ಒಂದೇ ದಿನ 500 ಮಿ.ಮೀ. ಮೀರಿ ಮಳೆ ಬಿದ್ದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿ ನಾಲ್ವರು ತೀರಿಕೊಂಡರು. ಮನೆಯ ಹಿಂದಿನ ಧರೆಯ ನೀರು ಎತ್ತ ಹೋಗುತ್ತದೆಂದು ನೋಡುವುದೂ ಈಗ ಮಾಡಿನ ಕೆಲಸದಲ್ಲೇ ಸೇರಿದೆ.

ಸರಕಾರದ ಪರಿಹಾರವನ್ನು ನೆಚ್ಚಿ ಕೂರುವವರಿಗೆ ಒಂದು ಮಾತು. 2022ರಲ್ಲಿ ಕೇಂದ್ರ ಗೊತ್ತುಮಾಡಿದ ದರದಂತೆ ಭಾಗಶಃ ಹಾನಿಗೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ಅದೂ ಹಾನಿ ಶೇಕಡಾ 15ಕ್ಕೆ ಕಡಿಮೆ ಇರಬಾರದು. ಮಂಗಳೂರು ಹಂಚು 100 ಚದರ ಅಡಿಗೆ ಸುಮಾರು 140 ಬೇಕು. ಐವತ್ತು ಹಂಚು ಹಾರಿದವನ ಮನೆ ಪೂರ್ತಿ ಸೋರುತ್ತದೆ, ಆದರೆ ಲೆಕ್ಕಕ್ಕೆ ಸೇರುವುದಿಲ್ಲ. ಮಾಡಿನ ರಿಪೇರಿಗೆಂದೇ ಏಪ್ರಿಲ್ ತಿಂಗಳಲ್ಲಿ ಸಣ್ಣ ಸಾಲ, ಸಂಘದ ಗೋದಾಮಿನಲ್ಲಿ ಒಂದಿಷ್ಟು ಹಂಚಿನ ದಾಸ್ತಾನು, ಒಂದು ಒಳ್ಳೆಯ ಏಣಿ ಇಡಬೇಕೆಂದು ನಾವು ಮಹಾಸಭೆಯಲ್ಲಿ ಕೇಳಿದ್ದೇವೆ, ಈ ವರ್ಷವೂ ಕೇಳುವವರಿದ್ದೇವೆ.

ಕೇಳಲು ಕಾರಣವಾದದ್ದು 2021ರ ಮೇ 15, 16ರ ತೌಕ್ತೆ ಚಂಡಮಾರುತ. ಆಗ ಕೊರೋನಾದ ಬಂದ್ ಬೇರೆ. ಹಂಚಿನ ಅಂಗಡಿ ಮುಚ್ಚಿತ್ತು, ಕೆಲಸದವರು ಬರುವಂತಿರಲಿಲ್ಲ. ಮಾಡು ಹಾರಿದ ಮನೆಯೊಳಗೆ ಜ್ವರದವರು ಮಲಗಿದ್ದರು. ಆ ಎರಡು ದಿನ ನಮ್ಮ ಕೇರಿಯಲ್ಲಿ ಕೊಟ್ಟಿಗೆಯ ಹಿಂದೆ, ಬಾವಿಕಟ್ಟೆಯ ಬದಿಗೆ ಅಜ್ಜನ ಕಾಲದಿಂದ ಪೇರಿಸಿಟ್ಟಿದ್ದ ಹಳೆಯ ಹಂಚುಗಳೆಲ್ಲ ಎದ್ದು ಬಂದವು. ಯಾರು ಯಾರಿಗೆ ಎಷ್ಟು ಕೊಟ್ಟರೆಂದು ಯಾರೂ ಬರೆದಿಡಲಿಲ್ಲ. ಒಬ್ಬರು ಮಾತ್ರ ತಮ್ಮ ಇಪ್ಪತ್ತೆರಡು ಹಂಚನ್ನು ಮರುವರ್ಷ ನೆನಪಿಟ್ಟು ಕೇಳಿ ಪಡೆದರು. ಹೊಸದು ಕೊಟ್ಟಾಗ ಬೇಡವೆಂದು, ಹಳೆಯದನ್ನೇ ಇಳಿಸಿಕೊಂಡು ಹೋಗಿ ಮತ್ತೆ ಕೊಟ್ಟಿಗೆಯ ಹಿಂದೆ ಪೇರಿಸಿದ್ದಾರೆ.