ಮಂದಣ್ಣನ ಮುಂದಿನ ಕಥೆ: ಕನ್ನಡದ ಹದಿಹರೆಯದ ಕಥನದಲ್ಲಿ ನರವೈವಿಧ್ಯ

ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿ (1928–1963) ಮನಶ್ಶಾಸ್ತ್ರ ಓದಿ ಕಾದಂಬರಿಗೆ ಬಂದವರು.  ಅವರ ‘ಶರಪಂಜರ’ ಕಾದಂಬರಿಯ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳಿದರೂ ಮನೆ, ನೆರೆಹೊರೆ ಅವಳನ್ನು ಹುಚ್ಚಿಯೆಂದೇ ನೋಡುತ್ತವೆ. ಆ ನೋಟವೇ ಅವಳನ್ನು ಮತ್ತೆ ಕೆಡವುತ್ತದೆ. ಕಾಯಿಲೆ ಬೇರೆ, ಆಟಿಸಂ ಅಥವಾ ಡಿಸ್ಲೆಕ್ಸಿಯಾದಂಥ ಹುಟ್ಟುಭಿನ್ನತೆ, ಅಂದರೆ ನರವೈವಿಧ್ಯ, ಬೇರೆ. ಆದರೂ ಒಪ್ಪಿಕೊಳ್ಳುವ ಹೊಣೆ ಸುತ್ತಲಿನವರದು ಎಂಬುದನ್ನು ತ್ರಿವೇಣಿ ಅಂದೇ ಕಂಡಿದ್ದರು.

ನರವೈವಿಧ್ಯದ ಹುಡುಗನಿಗೆ ನಮ್ಮ ಸಾಹಿತ್ಯದಲ್ಲಿ ಇನ್ನೂ ಹತ್ತಿರದವನು ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ಮಂದಣ್ಣ. ಅವನಿಗೆ ವೈದ್ಯಕೀಯ ಹೆಸರು ಅಂಟಿಸುವುದು ನನ್ನ ಉದ್ದೇಶವಲ್ಲ, ಅದು ತಪ್ಪು ಕೂಡ. ಊರಿಗೆ ಅವನು ಕೆಲಸಕ್ಕೆ ಬಾರದ ಪೆದ್ದ. ಕಾಡಿನ ಹುಳುಹುಪ್ಪಟೆ, ಜೇನು, ಹಾರುವ ಓತಿ ಅವನ ಕಣ್ಣಿಗೆ ಬೀಳುವಷ್ಟು ಬೇರಾರ ಕಣ್ಣಿಗೂ ಬೀಳುವುದಿಲ್ಲ. ವಿಜ್ಞಾನಿ ಕರ್ವಾಲೊ ಅವನನ್ನು ತಿದ್ದಲು ಹೋಗದೆ ಅವನ ಕಣ್ಣನ್ನು ನಂಬಿ ಹಿಂದೆ ನಡೆಯುತ್ತಾರೆ. ಕನ್ನಡ ಕಥನ ಕಲ್ಪಿಸಿದ ಅತಿ ಉದಾರವಾದ ಒಪ್ಪಿಗೆ ಇದೇ ಎನ್ನುತ್ತೇನೆ. ಒಂದು ಕೊರತೆ ಮಾತ್ರ ಉಳಿಯುತ್ತದೆ: ಮಂದಣ್ಣನ ಕಥೆ ಹೇಳುವವನು ಮಂದಣ್ಣನಲ್ಲ, ಓದುಬರಹ ಬಲ್ಲ ತೋಟಗಾರ.

ಎಲ್ ಮೆಕ್‌ನಿಕಾಲ್ ಅವರ ‘ಎ ಕೈಂಡ್ ಆಫ್ ಸ್ಪಾರ್ಕ್’ (2020) ಕಾದಂಬರಿ ಈ ಕೊರತೆ ನೀಗಲು ನೆರವಾಗುತ್ತದೆ. ಸ್ಕಾಟ್ಲೆಂಡಿನ ಹಳ್ಳಿಯ ಹನ್ನೊಂದರ ಆಡಿ ಆಟಿಸಂ ಉಳ್ಳವಳು. ಮಾಟಗಾತಿಯರೆಂದು ಕೊಲೆಯಾದ ಹೆಂಗಸರಿಗೆ ಸ್ಮಾರಕ ಬೇಕೆಂದು ಅವಳು ಊರನ್ನೇ ಎದುರಿಸುತ್ತಾಳೆ. ಕಥೆ ಅವಳ ಬಾಯಲ್ಲೇ ಇದೆ, ಲೇಖಕಿಯೂ ನರವೈವಿಧ್ಯದವರೇ.

ಮಂಡ್ಯ ಸೀಮೆಗೆ ಇಂಥ ಕಥೆಯ ಅಗತ್ಯ ನಿಜವಾಗಿಯೂ ಇದೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಇಲ್ಲದಿದ್ದ ಆಟಿಸಂ ಮತ್ತು ಕಲಿಕಾ ನ್ಯೂನತೆ 2016ರ ಕಾಯಿದೆಯ 21 ಬಗೆಗಳಲ್ಲಿ ಸೇರಿದವು. ತಪಾಸಣೆಗೆ ಹೋಗಬೇಕಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಶ್ರೀರಂಗಪಟ್ಟಣಕ್ಕೆ ಹತ್ತಿರ, ಆದರೆ ಕೆ.ಆರ್.ಪೇಟೆಯ ತಾಯಿ ಮಗುವನ್ನು ಕರೆದುಕೊಂಡು ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು. ಮಗುವಿನ ಭಿನ್ನತೆಗೆ ಹೆಸರು ಸಿಕ್ಕ ಮೇಲೂ ಊರಿನೊಳಗೆ ಬದುಕುವುದು ಬಾಕಿ ಇರುತ್ತದೆ. ಉದಾಹರಣೆಗೆ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ವೈರಮುಡಿ ಉತ್ಸವದ ರಾತ್ರಿ ಜನಸಾಗರ, ಪಂಜು, ವಾದ್ಯ. ಶಬ್ದ ತಾಳದೆ ಕಿವಿ ಮುಚ್ಚಿ ಓಡುವ ಹುಡುಗನನ್ನು ನೆಂಟರು ‘ಹಟಮಾರಿ’ ಎನ್ನುವರು. ಅದೇ ಹುಡುಗನಿಗೆ ಪ್ರತಿ ವರ್ಷದ ಮೆರವಣಿಗೆಯ ಕ್ರಮ ಬಾಯಿಪಾಠವಾಗಿರಬಹುದು.

ಆ ಕಥೆಯನ್ನು ಅವನೇ, ‘ಯಾಕ್ಲಾ’, ‘ಬಾರ್ಲಾ’ ಎನ್ನುವ ತನ್ನ ಊರಿನ ನುಡಿಯಲ್ಲಿ ಹೇಳಬೇಕು. ಕೇಳಿದ ಮಾತನ್ನೇ ಮತ್ತೆ ಮತ್ತೆ ಹೇಳುವುದು ಅವನ ರೀತಿಯಾದರೆ, ಆ ಪುನರುಕ್ತಿಯನ್ನು ಸಂಪಾದಕರು ತೆಗೆಯದೆ ಹಾಗೆಯೇ ಅಚ್ಚಿಗೆ ಕೊಡಬೇಕು.