ಶ್ರೀರಂಗಪಟ್ಟಣದ ಸಂಧಿ: ತೀರದ ಲೆಕ್ಕ

ರಣರಂಗದಲ್ಲಿ ಯುದ್ಧ ಮುಗಿದ ದಿನವೇ ಅದರ ಲೆಕ್ಕ ಮುಗಿಯುವುದಿಲ್ಲ. ಮೂರನೆಯ ಮೈಸೂರು ಯುದ್ಧದ ಕೊನೆಯಲ್ಲಿ, ೧೭೯೨ರ ಮಾರ್ಚ್ ತಿಂಗಳಲ್ಲಿ ಆದ ಶ್ರೀರಂಗಪಟ್ಟಣದ ಸಂಧಿಯನ್ನು ನಾವು ಅರ್ಧ ರಾಜ್ಯವು ಕೈಬಿಟ್ಟ ಘಟನೆಯೆಂದೂ ಒತ್ತೆಯಾದ ರಾಜಕುಮಾರರ ಕರುಣಕಥೆಯೆಂದೂ ಓದುತ್ತ ಬಂದಿದ್ದೇವೆ. ಅದನ್ನೊಂದು ಲೆಕ್ಕಪತ್ರವೆಂದು ಓದಿದಾಗ ಬೇರೆಯೇ ಸಂಗತಿ ಗೋಚರಿಸುತ್ತದೆ.

ಟಿಪ್ಪು ಸುಲ್ತಾನನು ಕಂಪನಿ, ನಿಜಾಮ ಮತ್ತು ಮರಾಠರಿಗೆ ೩ ಕೋಟಿ ೩೦ ಲಕ್ಷ ರೂಪಾಯಿ ತೆರಬೇಕಾಗಿತ್ತು. ಅರ್ಧವನ್ನು ಕೂಡಲೇ, ಉಳಿದುದನ್ನು ನಾಲ್ಕು ನಾಲ್ಕು ತಿಂಗಳ ಮೂರು ಕಂತುಗಳಲ್ಲಿ. ವರಹ, ಮೊಹರು, ರೂಪಾಯಿ, ಚಿನ್ನಬೆಳ್ಳಿಯ ಗಟ್ಟಿ ಯಾವುದರಲ್ಲಾದರೂ ಸಲ್ಲಿಸಬಹುದಾಗಿದ್ದರಿಂದ ತೂಕ ಮತ್ತು ವಟ್ಟದ ತೊಡಕು ಅನಿವಾರ್ಯವಾಗಿತ್ತು. ಅರ್ಧ ರಾಜ್ಯವನ್ನು ಅಳೆದದ್ದು ಸಹ ವಿಸ್ತೀರ್ಣದಿಂದಲ್ಲ, ಕಂಠೀರಾಯ ವರಹಗಳ ಹುಟ್ಟುವಳಿಯಿಂದ. ಪಟ್ಟಿಗಳು ಸೋತವನ ದಫ್ತರದವು, ಆಯ್ಕೆ ಗೆದ್ದವರದು. ಕೊಡಗು ಕಂಪನಿಯ ಸೀಮೆಗೆ ಹೊಂದಿಕೊಂಡಿಲ್ಲವೆಂಬುದು ಸುಲ್ತಾನನ ತಕರಾರು. ಕಾರ್ನ್‌ವಾಲಿಸನು ಮತ್ತೆ ಯುದ್ಧದ ಬೆದರಿಕೆಯೊಡ್ಡಿದ ಮೇಲೆಯೇ ಆ ಬಾಬು ಇತ್ಯರ್ಥವಾಯಿತು. ಕಂತುಗಳ ಅವಧಿ ಒಂದು ವರ್ಷ. ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಮದರಾಸಿನ ಒತ್ತೆಯಿಂದ ಹಿಂದಿರುಗಿದ್ದು ೧೭೯೪ರಲ್ಲಿ.

ಈ ಹಣ ಬಂದದ್ದು ಎಲ್ಲಿಂದ? ಮುಂದೆ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಬರೆದಿರುವಂತೆ, ಬೊಕ್ಕಸದಿಂದ ೧ ಕೋಟಿ ೧೦ ಲಕ್ಷ, ಸೈನ್ಯದಿಂದ ನಜರಾಣೆಯ ಹೆಸರಿನಲ್ಲಿ ೬೦ ಲಕ್ಷ, ಅಧಿಕಾರಿಗಳಿಂದಲೂ ಪ್ರಜೆಗಳಿಂದಲೂ ೧ ಕೋಟಿ ೬೦ ಲಕ್ಷ ಎಂದು ನಿಗದಿಯಾಯಿತು. ವಿಲ್ಕ್ಸನು ಎದುರುಪಕ್ಷದವನು; ಅವನ ಮಾತನ್ನು ಎಚ್ಚರದಿಂದಲೇ ಬಳಸಬೇಕು. ಆದರೆ ಅದನ್ನು ಒಪ್ಪಿದರೆ, ಮೂರರಲ್ಲಿ ಎರಡು ಪಾಲು ಬೊಕ್ಕಸದ ಹೊರಗಿನದು. ಕಾದಿದವರೇ ಕಾದಿದ್ದಕ್ಕೆ ತೆರಬೇಕಾಯಿತು.

ನಮ್ಮ ಶಾಸನಗಳು ಬಲ್ಲ ಯುದ್ಧದ ಋಣ ಇಂತಹದಲ್ಲ. ನೆತ್ತರುಗೊಡಗೆಯಲ್ಲಿ ಮಡಿದವನ ಮನೆಯವರಿಗೆ ಭೂಮಿ ಸಲ್ಲುತ್ತಿತ್ತು. ವೀರಗಲ್ಲು ಅವನ ನೆನಪನ್ನು ಉಳಿಸುತ್ತಿತ್ತು. ಅಲ್ಲಿ ಋಣಿ ಒಡೆಯ. ೧೭೯೨ರಲ್ಲಿ ಋಣದ ದಿಕ್ಕೇ ತಿರುಗಿ, ಸಿಪಾಯಿಯೂ ಒಕ್ಕಲಿಗನೂ ಋಣಿಗಳಾದರು.

ಹೊರನಾಡಿನ ಸಂಶೋಧಕರಿಗೆ ನಮ್ಮ ಸೂಚನೆ ಇಷ್ಟೆ. ಕಂಪನಿಯ ವಿದೇಶಾಂಗ ಇಲಾಖೆಯ ಕಾಗದಪತ್ರಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಪಡೆದವರ ಲೆಕ್ಕವನ್ನು ಅಲ್ಲಿ ಅರಸಬಹುದು. ತೆತ್ತವರ ಲೆಕ್ಕಕ್ಕಾಗಿ ಕನ್ನಡ ಕಡತಗಳ ಕಡೆಗೆ ಹೊರಳಬೇಕು. ಎರಡನ್ನೂ ಜೊತೆಗಿಟ್ಟು ಓದುವವರೆಗೆ ಈ ಸಂಧಿಯ ಇತಿಹಾಸ ಅರ್ಧ ಮಾತ್ರ.